ಲಿಯೋನೆಲನ ಟರ್ಬೋ, ಆಲಿಸಳ ಮಲ್ಲಿಗೆ

ನನ್ನ ತಂಗಿ ಆಲಿಸಳ ಗಂಡ ಲಿಯೋನೆಲ್ ತನ್ನ ಆಯುಷ್ಯದಲ್ಲಿ ಸ್ವಂತ ಕೈಯಿಂದ ಪೂರ್ತಿ ಮಾಡಿ ಮುಗಿಸಿದ ಕೆಲಸ ಒಂದೇ. ಚೆನ್ನಾಗಿ ಓಡುತ್ತಿದ್ದ ಒಂದು ಕಾರನ್ನು ಕೆಡಿಸಿದ. ಉಳಿದದ್ದೆಲ್ಲ ಅರ್ಧಕ್ಕೇ ನಿಂತದ್ದು. ಎಸ್ಸೆಸೆಲ್ಸಿ ಅರ್ಧ, ಬೊಂಬಾಯಿಯ ಹೋಟೆಲಿನ ಕೆಲಸ ಅರ್ಧ, ಹಿತ್ತಲಲ್ಲಿ ತೋಡಲು ಹೊರಟ ಬಾವಿಯೂ ಅರ್ಧ. ಮಳೆಗಾಲದಲ್ಲಿ ಅದರೊಳಗೆ ಕಪ್ಪೆಗಳು ಸಂಸಾರ ಮಾಡುತ್ತವೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಲಿಯೋನೆಲ್ ಸತ್ತಿಲ್ಲ, ಹಾಗಾಗಿ ನನಗೆ ಅಡ್ಡಿಯಿಲ್ಲ.

ನಮ್ಮದು ಕಾಪುವಿನಿಂದ ಸ್ವಲ್ಪ ಒಳಗೆ, ಶಂಕರಪುರದ ಕಡೆ. ಇಲ್ಲಿ ಕ್ರಿಸ್ತುವರ ಮನೆಯಾಗಲಿ ಬಿಲ್ಲವರ ಮನೆಯಾಗಲಿ, ಅಂಗಳದಲ್ಲಿ ಮಲ್ಲಿಗೆ ಗಿಡ ಇಲ್ಲದ ಮನೆ ಇಲ್ಲ. ಬೆಳಗಾಗುವಾಗ ಹೆಂಗಸರು ಮೊಗ್ಗು ಕೊಯ್ಯುತ್ತಾರೆ, ಬಾಳೆನಾರಿನಲ್ಲಿ ಕಟ್ಟುತ್ತಾರೆ, ಬಿಸಿಲು ಏರುವ ಮೊದಲು ಏಜೆಂಟರ ಜಗಲಿಗೆ ಮುಟ್ಟಿಸುತ್ತಾರೆ. ಮೊಗ್ಗು ಮೊಗ್ಗಾಗಿರುವ ತನಕ ಬೆಲೆ. ಸಂಜೆಗೆ ಅದು ಹೆಂಗಸರ ತಲೆಯಲ್ಲಿ ಅರಳಬೇಕು. ಬುಟ್ಟಿಯಲ್ಲಿ ಅರಳಿದ ಮಲ್ಲಿಗೆಯನ್ನು ದನವೂ ಮೂಸುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಲೋಕವೆಲ್ಲ ಗಾದೆ ಮಾಡಿ ನಗುತ್ತದೆ. ಆ ಜುಟ್ಟಿನ ಮಲ್ಲಿಗೆಯಿಂದಲೇ ನಮ್ಮ ಹೊಟ್ಟೆಗೆ ಹಿಟ್ಟು ಬರುವುದು.

ಕೇರಿಗೆ ನಾವು ವಾಡೆ ಎನ್ನುವುದು. ನಮ್ಮ ವಾಡೆಯ ಹೂವಿನ ಏಜೆಂಟ್ ಆಲಿಸ್. ಗಂಡ ಮಸ್ಕತ್ತಿಗೆ ಹೋಗಿ ಮೊದಲ ವರ್ಷ ಒಂದು ಕಾಗದವನ್ನೂ ಬರೆಯದೆ ಕುಳಿತಾಗ ಅವಳು ಈ ಕೆಲಸಕ್ಕೆ ಇಳಿದಳು. ಅದು ಎಪ್ಪತ್ತೇಳನೆಯ ಇಸವಿ. ಹೆಂಗಸರಿಗೆ ಏಜೆನ್ಸಿ ಯಾಕೆ ಎಂದು ಗುರ್ಕಾರರು ಕೇಳಿದರು. ಗುರ್ಕಾರರೆಂದರೆ ವಾಡೆಯ ಹಿರಿಯರು, ಪುಕ್ಕಟೆ ಸಲಹೆ ಕೊಡಲು ಇಗರ್ಜಿಯ ಪಾದ್ರಿಗಳು ನೇಮಿಸಿದವರು. ಆಲಿಸ್ ಜಗಲಿ ಸಾರಿಸಿ, ಬಾಳೆಲೆ ಹಾಸಿ ಕುಳಿತಳು. ಎಣಿಸಿ ಕಟ್ಟಿದ ಮಾಲೆಯ ಸುರುಳಿಗೆ ನಾವು ಚೆಂಡು ಎನ್ನುವುದು. ಚೆಂಡನ್ನು ಕೈಯಲ್ಲಿ ಹಿಡಿದರೆ ಸಾಕು, ಯಾರು ಮೊಗ್ಗು ಕದ್ದಿದ್ದಾರೆ ಎಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ತಿಳಿದರೂ ನಾಲ್ಕು ಜನರ ಮುಂದೆ ಹೇಳುತ್ತಿರಲಿಲ್ಲ. ಅದಕ್ಕೇ ವಾಡೆಯ ಹೆಂಗಸರು ಅವಳ ಜಗಲಿ ಬಿಟ್ಟು ಬೇರೆಡೆ ಹೋಗಲಿಲ್ಲ.

ಅವಳ ಏಜೆನ್ಸಿ ನಿಂತದ್ದು ಒಂದು ಬಸ್ಸಿನ ಮೂಲೆಯ ಮೇಲೆ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಡ್ರೈವರನ ಸೀಟಿನ ಹಿಂದೆ, ಎಂಜಿನಿನ ಬಿಸಿ ತಾಗದ, ಗಾಳಿ ಬೀಸುವ ಒಂದು ಮೂಲೆ ಇತ್ತು. ಕಟಪಾಡಿಯಲ್ಲಿ ಆ ಬಸ್ಸು ನಿಂತಾಗ ಆಲಿಸ್ ಅಲ್ಲಿ ಬುಟ್ಟಿಗಳನ್ನಿಡುತ್ತಿದ್ದಳು. ಕಂಡಕ್ಟರ್ ವಾಸು ಅವನ್ನು ಮಂಗಳೂರಿನಲ್ಲಿ ರಿಕ್ಷಾದವನಿಗೆ ಒಪ್ಪಿಸುತ್ತಿದ್ದ. ಅಲ್ಲಿಂದ ಬಜ್ಪೆಗೆ, ಮಧ್ಯಾಹ್ನದ ವಿಮಾನದಲ್ಲಿ ಬೊಂಬಾಯಿಗೆ. ಆ ಮೂಲೆಗೆ ಕಾಗದ ಪತ್ರ ಏನೂ ಇಲ್ಲ. ದಿನ ತಪ್ಪದೆ ಬುಟ್ಟಿ ಇಡುವವರದ್ದು ಜಾಗ, ಬಿಟ್ಟರೆ ಇನ್ನೊಬ್ಬರದ್ದು. ಪಕ್ಕದ ವಾಡೆಯ ಏಜೆಂಟ್ ಲೂಯಿಸ್ ಆ ಮೂಲೆಗಾಗಿ ವರ್ಷಗಟ್ಟಲೆ ಬಾಯಿ ಚಪ್ಪರಿಸುತ್ತ ಕಾದಿದ್ದ. ಆಲಿಸ್ ಜ್ವರ ಬಂದರೂ ಒಂದು ದಿನ ಬಿಟ್ಟವಳಲ್ಲ.

ಎಂಬತ್ತೈದರಲ್ಲಿ ಲಿಯೋನೆಲ್ ಬಂದ. ಅವನು ಕೆಲಸ ಮಾಡುತ್ತಿದ್ದ ಕಂಪೆನಿ ಮುಚ್ಚಿತ್ತು. ಬಾಕಿ ಸಂಬಳದ ಬದಲಿಗೆ ಸಾಹೇಬನ ಹಳೆಯ ಕಾರನ್ನು ಕೊಡುತ್ತೇವೆ ಎಂದರಂತೆ. ಬುದ್ಧಿ ಇದ್ದವರು ಬೇಡ ಎಂದರು, ಲಿಯೋನೆಲ್ ಹೂಂ ಎಂದ. ಬೊಂಬಾಯಿ ಬಂದರಿನಲ್ಲಿ ಸುಂಕಕ್ಕೆ ಆಲಿಸಳ ಬಳೆ ಹೋಯಿತು. ಕಾರು ಬಂತು. ಮೈಯೆಲ್ಲ ಬೆಳ್ಳಿ ಬಣ್ಣ, ಸ್ಟಿಯರಿಂಗು ಎಡಗಡೆ, ಎರಡು ಬಾಗಿಲಿನ ಮೇಲೂ ಹಿಂಬದಿಯಲ್ಲೂ ದೊಡ್ಡ ಅಕ್ಷರದಲ್ಲಿ ಟರ್ಬೋ ಎಂದು ಬರೆದಿತ್ತು. ಮಸ್ಕತ್ತಿನಲ್ಲಿ ಇವನು ಆ ಕಾರನ್ನು ತೊಳೆಯುತ್ತಿದ್ದವನು, ಸಾಹೇಬನ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದವನು. ಕಟಪಾಡಿ ದಾಟುವಷ್ಟರಲ್ಲಿ ಎಂಜಿನಿಯರ್ ಆಗಿಬಿಟ್ಟಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಾಡುಹಗಲಲ್ಲೇ ಕಪ್ಪು ಕನ್ನಡಕ ಹಾಕಿಕೊಂಡು ಇಗರ್ಜಿಯ ಪೂಜೆಗೆ ಬಂದು ಕೂರುತ್ತಿದ್ದ.

ಟರ್ಬೋ ಎಂದರೆ ಎಂತ ಎಂದು ನಮ್ಮ ಗಂಡಸರು ಬಾಯಿ ಬಿಟ್ಟು ಕೇಳುವರು. ಎಂಜಿನಿನ ಹೊಗೆ ಹೊರಗೆ ಹೋಗುವಾಗ ಒಂದು ಫ್ಯಾನನ್ನು ತಿರುಗಿಸುತ್ತದಂತೆ, ಆ ಫ್ಯಾನು ಎಂಜಿನಿನ ಒಳಗೆ ಗಾಳಿ ಊದುತ್ತದಂತೆ. ಒಲೆಗೆ ಊದುಕೊಳವೆ ಇದ್ದ ಹಾಗೆ. ಊದಿದರೆ ಬೆಂಕಿ ಜೋರು. ಇಷ್ಟು ಹೇಳಲು ಲಿಯೋನೆಲ್ ಒಂದು ಇಡೀ ಭಾನುವಾರ ತೆಗೆದುಕೊಳ್ಳುತ್ತಿದ್ದ. ನಾವು ಹೆಂಗಸರು ಹುಟ್ಟಿದಂದಿನಿಂದ ಒಲೆ ಊದಿದವರು, ನಮ್ಮನ್ನು ಯಾರೂ ಎಂಜಿನಿಯರ್ ಎನ್ನಲಿಲ್ಲ.

ಕಾರು ಇದ್ದ ಹಾಗೆ ಓಡಿಸಿಕೊಂಡಿದ್ದರೆ ಈ ಕಥೆಯೇ ಇಲ್ಲ. ಆದರೆ ಅವನ ಹತ್ತಿರ ಮಸ್ಕತ್ತಿನಿಂದ ತಂದ ಒಂದು ಇಂಗ್ಲಿಷ್ ಮ್ಯಾಗಜಿನ್ ಇತ್ತು. ಹಳೆಯ ಟರ್ಬೋ ಕಾರಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಶಕ್ತಿ ಬರಿಸುವುದು ಹೇಗೆ ಎಂದು ಅದರಲ್ಲಿ ಚಿತ್ರ ಸಮೇತ ಹಾಕಿದ್ದರು. ಲಿಯೋನೆಲ್ ಚಿತ್ರ ನೋಡುತ್ತಿದ್ದ, ಅಕ್ಷರ ಬಿಡುತ್ತಿದ್ದ. ಅದರಲ್ಲೂ ಅವನು ಅರ್ಧವೇ.

ಮೊದಲು ಗಾಳಿ ಸೋಸುವ ಡಬ್ಬಿ ಹೋಯಿತು. ಎಂಜಿನಿಗೆ ಉಸಿರು ಕಟ್ಟುತ್ತದೆ ಎಂದು ಅದನ್ನು ಬಿಚ್ಚಿ ಎಸೆದು, ಆಲಿಸ್ ತೆಂಗಿನ ಹಾಲು ಸೋಸುತ್ತಿದ್ದ ಜರಡಿಯನ್ನು ತಂತಿಯಿಂದ ಬಿಗಿದ. ನಮ್ಮ ಕಡೆಯ ಕೆಂಪು ಧೂಳು ಜರಡಿಗೆ ನಿಲ್ಲುತ್ತದೆಯೇ ಎಂದು ಅವನು ಕೇಳಿಕೊಳ್ಳಲಿಲ್ಲ. ಆಮೇಲೆ ಸೈಲೆನ್ಸರ್. ಕಾರ್ಕಳದಲ್ಲಿ ದೇಜಪ್ಪ ಎಂಬವನ ವೆಲ್ಡಿಂಗ್ ಅಂಗಡಿ. ಹೇಳಿದ್ದನ್ನು ಮಾಡುವುದು ಬಿಟ್ಟರೆ ದೇಜಪ್ಪನಿಗೆ ಬೇರೆ ಯೋಚನೆ ಬಂದದ್ದನ್ನು ಯಾರೂ ನೋಡಿಲ್ಲ.

"ಪೊರ್ಬುಗಳೇ, ಪಂಪ್‌ಸೆಟ್ಟಿನ ದಪ್ಪ ಪೈಪು ಉಂಟು. ಅದನ್ನೇ ಹಾಕುವುದಾ?" ಎಂದು ಅವನು ಕೇಳಿದನಂತೆ. ಪೊರ್ಬುಗಳು ಎಂದರೆ ತುಳುವರು ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವ ಹೆಸರು.

"ಹಾಕು ಮಾರಾಯ. ಹೊಗೆ ಸಲೀಸಾಗಿ ಹೋಗಬೇಕು," ಎಂದ ಲಿಯೋನೆಲ್.

ಹೊಗೆ ಸಲೀಸಾಗಿ ಹೋಯಿತು. ಭಾನುವಾರ ಇಗರ್ಜಿಯ ಗುಡ್ಡೆ ಹತ್ತುವಾಗ ಆ ಸದ್ದಿಗೆ ಪಾದ್ರಿಗಳು ಪ್ರಸಂಗ ನಿಲ್ಲಿಸಿ ಕಾಯಬೇಕಾಯಿತು. ಪೂಜೆ ಮುಗಿದ ಮೇಲೆ ಅದೇ ಪಾದ್ರಿಗಳು ಬಾನೆಟ್ ತೆರೆಸಿ ನೋಡಿದರು. ಯಾರನ್ನು ಬೈಯುವುದು.

ಮೂರನೆಯದು ಸ್ಪ್ರಿಂಗು. ಗಾಳಿ ಅತಿಯಾದರೆ ಹೊರಗೆ ಬಿಡಲು ಟರ್ಬೋದ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು ಉಂಟಂತೆ. ಅದು ಬೇಗ ತೆರೆಯದ ಹಾಗೆ ಲಿಯೋನೆಲ್ ಕೊಟ್ಟಿಗೆಯ ಗೇಟಿನ ಸ್ಪ್ರಿಂಗನ್ನು ಕಿತ್ತು ಅಲ್ಲಿಗೆ ಸಿಕ್ಕಿಸಿದ. ಕಾರು ಮುನ್ನುಗ್ಗಿತು, ನಿಜ. ಜೊತೆಗೆ ಎಂಜಿನು ಕಲ್ಲು ತುಂಬಿದ ಡಬ್ಬಿಯ ಹಾಗೆ ಕಟಕಟಿಸಲು ತೊಡಗಿತು. ನಮ್ಮ ಪೆಟ್ರೋಲಿಗೆ ಅಷ್ಟು ಗಾಳಿ ಜೀರ್ಣವಾಗುವುದಿಲ್ಲ ಎಂದು ಯಾರೋ ಹೇಳಿದರು. ಅದಕ್ಕೂ ಇವನ ಹತ್ತಿರ ಮದ್ದಿತ್ತು. ಆಲಿಸಳ ಪೆಟ್ಟಿಗೆಯಿಂದ ನುಸಿಗುಳಿಗೆ ತೆಗೆದು ಪೆಟ್ರೋಲ್ ಟ್ಯಾಂಕಿಗೆ ಹಾಕಿದ. ಕಟಕಟ ಸ್ವಲ್ಪ ಕಡಿಮೆಯಾಯಿತು. ಆ ಮಳೆಗಾಲದಲ್ಲಿ ಅವಳ ಮದುವೆಯ ಸೀರೆಯನ್ನು ಹುಳ ತಿಂದಿತು.

ಕೊನೆಗೆ ಭಾರ ಇಳಿಸುವುದು. ಹಿಂದಿನ ಸೀಟು ಬಿಚ್ಚಿ ಜಗಲಿಗೆ ಹಾಕಿದ, ಸ್ಟೆಪ್ನಿಯನ್ನು ಕೊಟ್ಟಿಗೆಗೆ ಎಸೆದ. ಹೂ ತಂದ ಹೆಂಗಸರು ಆ ಸೀಟಿನ ಮೇಲೆ ಕುಳಿತು ಮೆತ್ತಗುಂಟು ಮೆತ್ತಗುಂಟು ಎಂದು ಎದ್ದು ಕುಳಿತು ಮಾಡಿದರು. ಮಂಗನ ಕೈಗೆ ಮಾಣಿಕ್ಯ ಸಿಕ್ಕಿದ್ದನ್ನು ನೋಡಲು ಬೇರೆ ಮಂಗಗಳು ಸೇರಿದ ಹಾಗಿತ್ತು.

ಒಮ್ಮೆ ಮಾತ್ರ ನಾನು ಆ ಕಾರಿನಲ್ಲಿ ಕುಳಿತೆ. ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಬೇಕಿತ್ತು. ಇಂದ್ರಾಳಿಯಿಂದ ಮೇಲೆ ಹತ್ತುವಾಗ ಅವನು ಕಾಲು ಒತ್ತಿದ. ಏನೋ ಸುಂಯ್ ಎಂದಿತು, ನನ್ನ ಬೆನ್ನು ಸೀಟಿಗೆ ಅಂಟಿತು, ಮುಂದೆ ಏದುಸಿರು ಬಿಡುತ್ತ ಹತ್ತುತ್ತಿದ್ದ ಎರಡು ಬಸ್ಸುಗಳು ಹಿಂದಕ್ಕೆ ಹೋದವು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು. ಆ ಒಂದು ನಿಮಿಷ ಲಿಯೋನೆಲನ ಮುಖ ನೋಡಿದರೆ ಹಬ್ಬದ ದಿನ ಹೊಸ ಅಂಗಿ ಹಾಕಿದ ಮಗುವಿನ ಹಾಗಿತ್ತು. ಇವನೂ ಮನುಷ್ಯನೇ ಎಂದು ನನಗೆ ಅನಿಸಿಬಿಟ್ಟಿತು.

ಹಿಂದೆ ಬರುವಾಗ ಆ ಅನಿಸಿಕೆ ಹೋಯಿತು. ಮಣಿಪಾಲದ ಗುಡ್ಡೆಯ ತಲೆಯಲ್ಲಿ ಅವನು ಕೀಲಿಕೈ ತಿರುಗಿಸಿ ಎಂಜಿನ್ ಬಂದ್ ಮಾಡಿದ. ಕಾರು ಸದ್ದಿಲ್ಲದೆ ಇಳಿಯಲು ಶುರುವಾಯಿತು.

"ಎಂತ ಮಾಡಿದಿ?" ಎಂದೆ.

"ಕಲ್ಸಂಕದವರೆಗೆ ಇಳಿಜಾರು ಉಂಟಲ್ಲ ಗ್ಲ್ಯಾಡಿಸಕ್ಕ. ಪೆಟ್ರೋಲು ಯಾಕೆ ಸುಡುವುದು?"

ಇದು ನಮ್ಮ ಊರಿನ ಎಲ್ಲ ಡ್ರೈವರುಗಳ ಚಾಳಿ. ಟ್ಯಾಕ್ಸಿಯವನೂ ಹಾಗೆ, ಸ್ಕೂಟರಿನ ಮೇಷ್ಟ್ರೂ ಹಾಗೆ. ಇಳಿಜಾರು ಕಂಡರೆ ಎಂಜಿನ್ ಬಂದ್. ಅಂಬಾಸಡರಿಗೆ ಅದರಿಂದ ಕೆಡುಕಿಲ್ಲ. ಆದರೆ ಈ ಕಾರಿನಲ್ಲಿ ಸ್ಟಿಯರಿಂಗಿನ ಬದಿಯಲ್ಲಿ ಒಂದು ಚೀಟಿ ಅಂಟಿಸಿತ್ತು, ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ಅದರ ಮೇಲೆ ಲಿಯೋನೆಲ್ ಬಾಲಯೇಸುವಿನ ಪಟ ಅಂಟಿಸಿದ್ದ. ಪಟ ಚಿಕ್ಕದು, ಚೀಟಿ ದೊಡ್ಡದು, ಆದ್ದರಿಂದ ಅಕ್ಷರ ಕಾಣುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತದ್ದು ನನಗೆ ಅಷ್ಟಕ್ಕಾದರೂ ಬಂತು. ಜೋರಾಗಿ ಓಡಿಸಿದ ಮೇಲೆ ತಕ್ಷಣ ಎಂಜಿನ್ ನಿಲ್ಲಿಸಬೇಡಿ, ಸ್ವಲ್ಪ ಹೊತ್ತು ನಿಂತಲ್ಲೇ ಓಡಲು ಬಿಡಿ, ಇಲ್ಲದಿದ್ದರೆ ಟರ್ಬೋ ಹಾಳಾಗುತ್ತದೆ ಎಂದು ಬರೆದಿತ್ತು. ನಾನು ಓದಿ ಹೇಳಿದೆ.

ಲಿಯೋನೆಲ್ ನಕ್ಕ. "ಅದು ಅರಬರಿಗೆ ಬರೆದದ್ದು ಅಕ್ಕ. ಅವರಿಗೆ ಪೆಟ್ರೋಲು ನೀರಿಗಿಂತ ಅಗ್ಗ. ನಿಂತ ಕಾರಿಗೆ ಪೆಟ್ರೋಲು ಕುಡಿಸಲು ನನಗೆ ಹುಚ್ಚಾ?"

ಊದುಕೊಳವೆ ಕಾದು ಕೆಂಪಾಗಿರುವಾಗ ಎಂಜಿನ್ ನಿಲ್ಲಿಸಿದರೆ ಅದರೊಳಗಿನ ಎಣ್ಣೆಯೂ ನಿಂತು ಸುಟ್ಟು ಕರಕಲಾಗುತ್ತದೆ, ಆಮೇಲೆ ಫ್ಯಾನಿನ ಕೀಲು ತಿರುಗುವುದಿಲ್ಲ. ಬಾಣಲೆಯಲ್ಲಿ ಎಣ್ಣೆ ಬಿಟ್ಟು ಮರೆತವರಿಗೆ ಇದು ಅರ್ಥವಾಗುತ್ತದೆ. ಲಿಯೋನೆಲ್ ಬಾಣಲೆ ಮುಟ್ಟಿದವನಲ್ಲ.

ಎಂಬತ್ತಾರರ ಜನವರಿಯಲ್ಲಿ ಅವನಿಗೆ ದೊಡ್ಡ ಯೋಚನೆ ಬಂತು. ನಾನು ಅಂದು ಆಲಿಸಳ ಜಗಲಿಯಲ್ಲಿ ಹೂ ಕಟ್ಟುತ್ತಿದ್ದೆ.

"ಬಸ್ಸಿಗೆ ಹೂ ಹಾಕುವುದು ನಿಲ್ಲಿಸು," ಎಂದ ಹೆಂಡತಿಗೆ. "ಬೆಳ್ಮಣ್ಣು, ಕಿನ್ನಿಗೋಳಿಯ ಒಳದಾರಿಯಲ್ಲಿ ನಾನು ನೇರ ಬಜ್ಪೆಗೆ ಮುಟ್ಟಿಸ್ತೇನೆ. ಮಂಗಳೂರು ಸುತ್ತುವುದೇ ಬೇಡ. ನಿನ್ನ ಹೆಂಗಸರು ಒಂದು ಗಂಟೆ ತಡವಾಗಿ ಹೂ ತಂದರೂ ಸಾಕು."

"ಬಸ್ಸಿನ ಜಾಗ ಹೋದರೆ ಮತ್ತೆ ಸಿಗುವುದಿಲ್ಲ," ಎಂದಳು ಆಲಿಸ್.

"ಗಂಡನ ಟರ್ಬೋ ಇರುವಾಗ ಬಸ್ಸಿನ ಮೂಲೆ ಯಾಕೆ? ಜನ ಎಂತ ಹೇಳ್ತಾರೆ?"

ಆಲಿಸ್ ಒಪ್ಪಲಿಲ್ಲ. ಆದರೆ ಒಂದು ಗಂಟೆ ತಡವಾದರೂ ಸಾಕು ಎಂಬ ಮಾತು ಜಗಲಿಯಲ್ಲಿದ್ದ ಹೆಂಗಸರ ಕಿವಿಗೆ ಬಿದ್ದಿತ್ತು. ಒಂದು ಗಂಟೆ ಹೆಚ್ಚು ನಿದ್ದೆ ಎಂದರೆ ಸ್ವರ್ಗವನ್ನೂ ಮಾರುವವರು ಇವರು. ದಿನವೂ ಬಂದು, ಆಲಿಸ್ ಬಾಯಿ, ನಿಮ್ಮ ಯಜಮಾನರು ಇಷ್ಟು ಕಷ್ಟಪಡುವಾಗ ನೀವು ಯಾಕೆ ಹೀಗೆ ಎಂದರು. ಎಲ್ಲರಿಗಿಂತ ಜೋರು ನಮ್ಮ ನೆರೆಮನೆಯ ನರ್ಮದಾ. ಕೊನೆಗೆ ಗುರ್ಕಾರರೂ ಬಂದು ಗಂಡನ ಮಾತು, ಹೆಂಡತಿಯ ಧರ್ಮ ಎಂದು ನಾಲ್ಕು ಮಾತು ಆಡಿ ಚಹಾ ಕುಡಿದು ಹೋದರು. ಆಲಿಸ್ ಕಟಪಾಡಿಗೆ ಹೋಗಿ, ಇನ್ನು ಬುಟ್ಟಿ ಇಡುವುದಿಲ್ಲ ಎಂದು ವಾಸುವಿಗೆ ಹೇಳಿದಳು.

"ಬಾಯಮ್ಮ, ಸ್ವಲ್ಪ ದಿನ ಖಾಲಿ ಇಟ್ಟು ನೋಡ್ತೇನೆ," ಎಂದ ವಾಸು. "ಹೆಚ್ಚು ದಿನ ಇಡಲಿಕ್ಕೆ ನನ್ನ ಕೈಯಲ್ಲಿ ಇಲ್ಲ. ಧಣಿಗಳು ಕೇಳ್ತಾರೆ."

ಒಂದು ವಾರದಲ್ಲಿ ಆ ಮೂಲೆಯಲ್ಲಿ ಲೂಯಿಸನ ಬುಟ್ಟಿ ಕುಳಿತಿತು. ಆಲಿಸ್ ಅಂದು ರಾತ್ರಿ ಊಟ ಮಾಡಲಿಲ್ಲ. ಲಿಯೋನೆಲ್ ಎರಡು ಸಲ ಬಡಿಸಿಕೊಂಡ.

ಎರಡು ಮೂರು ತಿಂಗಳು ಎಲ್ಲ ಸರಿಯೇ ನಡೆಯಿತು. ಬೆಳ್ಳಿ ಕಾರು ಕೆಂಪು ಧೂಳೆಬ್ಬಿಸಿ ಹೋಗುವುದು, ವಿಮಾನಕ್ಕಿಂತ ಮೊದಲೇ ಬಜ್ಪೆ ಮುಟ್ಟುವುದು, ಲಿಯೋನೆಲ್ ಅಲ್ಲಿ ಕ್ಯಾಂಟೀನಿನಲ್ಲಿ ಕುಳಿತು ಟರ್ಬೋದ ಪುರಾಣ ಹೇಳುವುದು. ಆ ಒಳದಾರಿ ಎಂದರೆ ಬರೀ ಏರು ಇಳಿ. ಪ್ರತಿ ಏರಿನಲ್ಲಿ ಇವನು ಕಾಲು ಒತ್ತಿ ಕೊಳವೆಯನ್ನು ಕೆಂಡ ಮಾಡುವನು, ಪ್ರತಿ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವನು. ಏರಿನಲ್ಲಿ ಶಕ್ತಿ, ಇಳಿಜಾರಿನಲ್ಲಿ ಉಳಿತಾಯ, ಮ್ಯಾಗಜಿನಿನವರಿಗೇ ಗೊತ್ತಿಲ್ಲದ ಉಪಾಯ ಎಂದು ಎದೆ ತಟ್ಟಿಕೊಳ್ಳುವನು. ಈಸ್ಟರ್ ಹೊತ್ತಿಗೆ ಹಿಂದಿನ ಪೈಪಿನಿಂದ ನೀಲಿ ಹೊಗೆ ಬರತೊಡಗಿತು. ಎಂಜಿನ್ ಎಣ್ಣೆ ಕುಡಿಯುತ್ತಿತ್ತು. ಕಾರ್ಕಳದ ದೇಜಪ್ಪ ಅದು ಒಳ್ಳೆಯ ಲಕ್ಷಣ ಎಂದನಂತೆ. ಆಲಿಸ್ ಮಾತ್ರ ಒಮ್ಮೆ ಲೂಯಿಸನ ಮನೆಗೆ ಹೋಗಿ, ಮೂಲೆಯಲ್ಲಿ ಎರಡು ಬುಟ್ಟಿಗಾದರೂ ಜಾಗ ಕೊಡಿ ಎಂದು ಕೇಳಿದಳು. ಲೂಯಿಸ್ ಬಹಳ ಮರ್ಯಾದೆಯಿಂದ ಅವಳನ್ನು ಕೂರಿಸಿ, ಬಹಳ ಮರ್ಯಾದೆಯಿಂದ ಇಲ್ಲ ಎಂದ.

ಮೇ ತಿಂಗಳಲ್ಲಿ ಬೊಂಬಾಯಿಯಿಂದ ಒಂದು ಮದುವೆಯ ಆರ್ಡರು ಬಂತು. ನಮ್ಮವರೇ, ಅಲ್ಲಿ ದೊಡ್ಡ ಹೋಟೆಲು ಇಟ್ಟವರು. ವಾಡೆಯ ಅಷ್ಟೂ ಮನೆಯ ಅಷ್ಟೂ ಮೊಗ್ಗು ಬೇಕು, ಕೊಯ್ದ ದಿನದ ಸಂಜೆಯೊಳಗೇ ಬೇಕು ಎಂದರು. ಆಲಿಸ್ ಒಪ್ಪಿ ಮಾತು ಕೊಟ್ಟಳು. ಬೇರೆ ಕಡೆ ಒಂದು ಚೆಂಡನ್ನೂ ಕೊಡಬೇಡಿ ಎಂದು ಮನೆಮನೆಗೆ ಹೇಳಿ ಬಂದಳು. ಈ ಹೂ ಸರಿಯಾಗಿ ಮುಟ್ಟಿದರೆ ಮದುವೆ ಕಾಲ ಮುಗಿಯುವ ತನಕ ಅವಳ ಜಗಲಿಗೆ ಮೋಸವಿಲ್ಲ. ಮುಟ್ಟದಿದ್ದರೆ ಬಸ್ಸಿನ ಮೂಲೆಯೂ ಇಲ್ಲದ ಏಜೆಂಟಿಗೆ ಯಾರು ಹೂ ಕೊಡುತ್ತಾರೆ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಾರಿನಲ್ಲಿ ಬುಟ್ಟಿಗಳ ಪಕ್ಕ ತಾನೂ ಕುಳಿತು ಹೋಗುತ್ತೇನೆ ಎಂದಳು.

ಅಂದು ಹೆಂಗಸರು ಹೂ ತಂದದ್ದೇ ತಡವಾಗಿ. ನಿದ್ದೆಯ ರುಚಿ ಹತ್ತಿತ್ತಲ್ಲ. ಲಿಯೋನೆಲ್ ಬಿಸಿಲೇರಿದ ಮೇಲೆ ಹೊರಟ, ತಡವನ್ನು ತನ್ನ ಟರ್ಬೋ ತುಂಬಿಸಿಕೊಡುತ್ತದೆ ಎಂದ. ಮುಂದಿನದ್ದು ಆಲಿಸ್ ನನಗೆ ಹೇಳಿದ್ದು. ಶಿರ್ವ ದಾಟುವ ತನಕ ಗಾಳಿಯ ಹಾಗೆ ಹೋದರು. ಬೆಳ್ಮಣ್ಣಿನ ಈಚೆ ಒಂದು ಉದ್ದ ಇಳಿಜಾರಿನಲ್ಲಿ ಅವನು ಎಂದಿನಂತೆ ಎಂಜಿನ್ ಬಂದ್ ಮಾಡಿದ. ಇಂದು ಒಂದು ದಿನ ಬೇಡ ಎಂದು ಇವಳು ಕೈ ಮುಗಿದಳು. ನಿನಗೆ ಎಂತ ಗೊತ್ತುಂಟು ಎಂದ. ಕೆಳಗೆ ಹೋಗಿ ಮತ್ತೆ ಎಂಜಿನ್ ಹಚ್ಚಿ ಏರಿನಲ್ಲಿ ಕಾಲು ಒತ್ತಿದಾಗ ಒಳಗೆ ಏನೋ ಕಿರುಚಿತು. ಹಿಂದೆ ನೀಲಿ ಹೊಗೆ ರಸ್ತೆಯನ್ನೇ ಮುಚ್ಚಿತು. ಕಾರು ಎರಡು ಸಲ ಗದಗದಿಸಿ ಏರಿನ ಮಧ್ಯದಲ್ಲಿ ನಿಂತಿತು. ಬಾನೆಟಿನ ಅಡಿಯಿಂದ ಎಣ್ಣೆ ಸುರಿಯಿತು.

ಅದು ಹೆದ್ದಾರಿಯಲ್ಲ. ಬಸ್ಸು ಬರುವುದೇ ಅಪರೂಪ.

"ಬುಟ್ಟಿ ಹಿಡಿದುಕೊಳ್ಳಿ, ಬೆಳ್ಮಣ್ಣಿಗೆ ನಡೆಯುವಾ," ಎಂದಳು ಆಲಿಸ್. "ಅಲ್ಲಿ ಯಾವುದಾದರೂ ಟ್ಯಾಕ್ಸಿ ಸಿಕ್ಕಿದರೆ ಇನ್ನೂ ವಿಮಾನ ಸಿಗ್ತದೆ."

"ನಾನು ಹೇಗೆ ಬರುವುದು?" ಎಂದ ಲಿಯೋನೆಲ್. "ಕಾರು ಬಿಟ್ಟು ಹೋದರೆ ಯಾರಾದರೂ ಟರ್ಬೋ ಬಿಚ್ಚಿಕೊಂಡು ಹೋದರೆ?"

ಈ ಮಾತನ್ನು ನಾನು ಎಷ್ಟೋ ಸಲ ನನ್ನೊಳಗೆ ಹೇಳಿಕೊಂಡು ನೋಡಿದ್ದೇನೆ. ಯಾವ ಕಡೆಯಿಂದ ನೋಡಿದರೂ ಇದಕ್ಕೆ ಕ್ಷಮೆ ಕಾಣುವುದಿಲ್ಲ. ಬೆಳ್ಮಣ್ಣಿನ ಸುತ್ತ ಕಳ್ಳರಿರಬಹುದು; ಆದರೆ ಸುಟ್ಟು ಕರಕಲಾದ ಟರ್ಬೋ ಕದಿಯುವಷ್ಟು ಮೂರ್ಖ ಕಳ್ಳ ಕಾರ್ಕಳ ತಾಲೂಕಿನಲ್ಲೇ ಇಲ್ಲ. ಆಲಿಸ್ ತಲೆಯ ಮೇಲೊಂದು, ಸೊಂಟದ ಮೇಲೊಂದು ಬುಟ್ಟಿ ಹೊತ್ತು ನಡೆದಳು. ಬೆಳ್ಮಣ್ಣಿನಲ್ಲಿ ಇದ್ದ ಟ್ಯಾಕ್ಸಿಗಳೆಲ್ಲ ಮದುವೆಗಳಿಗೆ ಹೋಗಿದ್ದವು. ಬಂದ ಒಂದು ಬಸ್ಸು ಬಾಗಿಲಲ್ಲಿ ನೇತಾಡುವಷ್ಟು ತುಂಬಿತ್ತು. ಅದರ ಕಂಡಕ್ಟರ್ ಬುಟ್ಟಿ ನೋಡಿ ರೈಟ್ ಎಂದ. ಇವಳು ಅಂಗಡಿಯೊಂದರ ನೆರಳಿನಲ್ಲಿ ನಿಂತು ನೀರು ಬೇಡಿ ಹೂವಿಗೆ ಚಿಮುಕಿಸಿದಳು. ವಿಮಾನದ ಹೊತ್ತು ಕಳೆಯಿತು. ಉಳಿದ ಬುಟ್ಟಿಗಳು ಬಿಸಿಲಲ್ಲಿ ನಿಂತ ಕಾರಿನೊಳಗೆ ಇದ್ದವು.

ಸಂಜೆ ಕಲ್ಲಿನ ಲಾರಿಯೊಂದು ಹಗ್ಗ ಕಟ್ಟಿ ಕಾರನ್ನು ಎಳೆದು ತಂದಿತು. ಬುಟ್ಟಿಗಳು ಅಂಗಳಕ್ಕಿಳಿದಾಗ ಒಂದೊಂದು ಮೊಗ್ಗೂ ಅರಳಿತ್ತು, ವಾಡೆಯೆಲ್ಲ ಪರಿಮಳ. ಗಂಡಸರು ಓಡಿ ಬಂದರು. ಬಂದವರು ಬುಟ್ಟಿಯ ಕಡೆ ನೋಡಲಿಲ್ಲ. ಬಾನೆಟ್ ಎತ್ತಿ ಅದರ ಸುತ್ತ ನಿಂತರು, ಗುರ್ಕಾರರು ಎಣ್ಣೆಗೆ ಬೆರಳು ಅದ್ದಿ ಮೂಸಿದರು, ಛೇ ಛೇ ಎಂದರು, ಲಿಯೋನೆಲನ ಬೆನ್ನು ಸವರಿದರು. ಹೆಣ ಇಟ್ಟ ಮನೆಯಲ್ಲಿ ಇರುವಷ್ಟು ದುಃಖ.

"ನಮ್ಮ ಪೆಟ್ರೋಲೇ ಸರಿ ಇಲ್ಲ," ಎಂದ ಲಿಯೋನೆಲ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆಲಿಸ್ ಮುಖ ತೊಳೆದು ಮನೆಮನೆಗೆ ಹೋದಳು. ಹೂ ಮುಟ್ಟಲಿಲ್ಲ, ತಪ್ಪು ನನ್ನದು ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ಯಾರೂ ಬೈಯಲಿಲ್ಲ. ನಮ್ಮವರು ಎದುರಿಗೆ ಬೈಯುವುದಿಲ್ಲ. ನಿಮ್ಮ ಯಜಮಾನರಿಗೆ ಏನೂ ಆಗಲಿಲ್ಲವಲ್ಲ ಆಲಿಸ್ ಬಾಯಿ, ಅಷ್ಟು ಸಾಕು ಎಂದಳು ನರ್ಮದಾ, ಬೆಲ್ಲ ನೀರು ಕೊಟ್ಟಳು. ಮರುದಿನ ಆಲಿಸ್ ಜಗಲಿ ಸಾರಿಸಿ ಬಾಳೆಲೆ ಹಾಸಿ ಕುಳಿತಾಗ ನನ್ನೊಬ್ಬಳ ಹೂ ಬಂತು. ನರ್ಮದಾ ಬೇಲಿಯಾಚೆಯ ಓಣಿಯಲ್ಲಿ ಸೆರಗಿನೊಳಗೆ ಏನೋ ಮುಚ್ಚಿಕೊಂಡು ಲೂಯಿಸನ ಮನೆಯ ಕಡೆ ನಡೆದಳು. ಅವಳ ಹಿಂದೆ ಇನ್ನೂ ನಾಲ್ಕು ಜನ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಹೇಳಿದ್ದು ಸುಳ್ಳು. ಮಾಡಿದವನು ಕೊಟ್ಟಿಗೆಯಲ್ಲಿ ಸ್ಪಾನರ್ ಹುಡುಕುತ್ತಿದ್ದ, ಉಣ್ಣುವವಳು ಖಾಲಿ ಎಲೆಯ ಮುಂದೆ ಕುಳಿತಿದ್ದಳು.

ಅವಳು ಅಳುತ್ತಾಳೆಂದು ನಾನು ಕಾದೆ. ಅಳಲಿಲ್ಲ. ತನ್ನ ಗಿಡದ ಹೂವನ್ನೂ ನನ್ನ ಹೂವನ್ನೂ ಒಂದು ಬುಟ್ಟಿಗೆ ಹಾಕಿ, ಉಡುಪಿ ಬಸ್ಸು ಹತ್ತಿದಳು. ಸರ್ವಿಸ್ ಬಸ್‌ಸ್ಟ್ಯಾಂಡಿನಿಂದ ಮಠದ ಕಡೆ ಹೋಗುವ ಬೀದಿಯಲ್ಲಿ ಹೂ ಮಾರುವ ಹೆಂಗಸರ ಸಾಲಿನ ಕೊನೆಗೆ ಗೋಣಿ ಹಾಸಿ ಕುಳಿತಳು. ಒಂದು ವಾಡೆಯ ಹೂವಿಗೆಲ್ಲ ದರ ಹೇಳುತ್ತಿದ್ದವಳು ಈಗ ದಾರಿಹೋಕರಿಗೆ ಮೊಳ ಅಳೆದು ಕೊಡುತ್ತಿದ್ದಳು. ಬಸ್ಸಿಗೆ ಹತ್ತಿರ ಎಂಬ ನೆಪದಲ್ಲಿ ಮಲಗುವುದನ್ನೂ ನನ್ನ ಮನೆಗೆ ಬದಲಿಸಿದಳು. ಲಿಯೋನೆಲ್ ಬಂದು ಕರೆಯಲಿಲ್ಲ. ಮಳೆಗಾಲವಿಡೀ ಅವನು ಕೊಟ್ಟಿಗೆಯಲ್ಲಿ ಎಂಜಿನ್ ಬಿಚ್ಚುತ್ತಿದ್ದ; ಬಿಚ್ಚುವುದು ಪೂರ್ತಿ, ಕಟ್ಟುವುದು ಅರ್ಧ. ಹೆಂಡತಿ ಎಲ್ಲಿ ಎಂದು ಕೇಳಿದವರಿಗೆ, ಮಣಿಪಾಲದಲ್ಲಿ ಆಫೀಸಿನ ಕೆಲಸ ಸಿಕ್ಕಿದೆ, ಹೋಗಿ ಬರುವುದು ದೂರ ಎನ್ನುತ್ತಿದ್ದನಂತೆ.

ಡಿಸೆಂಬರಿನ ಒಂದು ಶನಿವಾರ ನಾನೂ ಅವಳ ಜೊತೆ ಉಡುಪಿಯಲ್ಲಿ ಕುಳಿತಿದ್ದೆ. ಜನಜಂಗುಳಿಯ ನಡುವೆ ಕಪ್ಪು ಕನ್ನಡಕ ಕಂಡಿತು. ಲಿಯೋನೆಲ್. ಜೊತೆಗೆ ಇಸ್ತ್ರಿ ಅಂಗಿಯ ಒಬ್ಬರು ಇದ್ದರು. ಕಾರ್ಕಳದ ಆಲ್ಫೋನ್ಸ್ ಎಂದು ಆಮೇಲೆ ತಿಳಿಯಿತು, ಸತ್ತ ಕಾರನ್ನು ಕೊಳ್ಳುತ್ತೇನೆ ಎಂದು ಬಂದ ಗಿರಾಕಿ. ಅವರು ಆಲಿಸಳನ್ನು ಕಂಡವರಲ್ಲ. ಲಿಯೋನೆಲ್ ನಮ್ಮನ್ನು ಕಂಡ. ಕಂಡು, ಮುಖವನ್ನು ಎದುರಿನ ಪಾತ್ರೆ ಅಂಗಡಿಗೆ ತಿರುಗಿಸಿ ಹೆಜ್ಜೆ ಚುರುಕು ಮಾಡಿದ. ನನ್ನ ಮೈ ಉರಿಯಿತು. ಹೆಸರು ಹಿಡಿದು ಕರೆಯಲು ಬಾಯಿ ತೆರೆದೆ. ಆಲಿಸ್ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ತಡೆದಳು.

"ಮಲ್ಲಿಗೆ ಬೇಕಾ ಅಣ್ಣ?" ಎಂದಳು, ಅವನನ್ನೇ ನೋಡಿ.

ಆಲ್ಫೋನ್ಸರು ನಿಂತರು. "ಒಳ್ಳೆಯ ಹೂವು ಮಾರಾಯ್ರೆ. ನನಗೆ ಒಂದು ಚೆಂಡು ಇರಲಿ," ಎಂದು ಬಗ್ಗಿ ಒಂದನ್ನು ಎತ್ತಿಕೊಂಡರು. ಆಮೇಲೆ ಲಿಯೋನೆಲನಿಗೆ ಹೇಳಿದರು, "ನಿಮ್ಮ ಮಿಸೆಸ್ ಮಣಿಪಾಲದಲ್ಲಿ ಆಫೀಸಿನಲ್ಲಿ ಅಲ್ವಾ? ಅವರಿಗೂ ಒಂದು ತೆಗೆದುಕೊಳ್ಳಿ."

ಲಿಯೋನೆಲ್ ಕನ್ನಡಕದ ಹಿಂದಿನಿಂದ ಏನು ನೋಡುತ್ತಿದ್ದನೋ ಗೊತ್ತಿಲ್ಲ. "ರೇಟು ಹೆಚ್ಚಾಯ್ತು," ಎಂದ. ಅವಳು ದರ ಇನ್ನೂ ಹೇಳಿರಲಿಲ್ಲ.

"ನಿಮ್ಮ ಹೆಂಡತಿಗಾ ಅಣ್ಣ?" ಎಂದು ಕೇಳಿದಳು ಆಲಿಸ್.

ಆಲ್ಫೋನ್ಸರು ಪಕ್ಕದಲ್ಲೇ ನಿಂತಿದ್ದರು. "ಹೌದು," ಎಂದ ಲಿಯೋನೆಲ್.

ಅವಳು ಇದ್ದದ್ದರಲ್ಲಿ ಒಳ್ಳೆಯ ಚೆಂಡನ್ನು ಆರಿಸಿ, ನೀರು ಚಿಮುಕಿಸಿ, ಬಾಳೆಲೆಯಲ್ಲಿ ಮಡಚಿ, ನಾರು ಸುತ್ತಿ ಅವನ ಕೈಗೆ ಕೊಟ್ಟಳು. ದುಡ್ಡು ತೆಗೆದುಕೊಂಡು ಚಿಲ್ಲರೆ ಕೊಟ್ಟಳು. ಮುಂದಿನ ಗಿರಾಕಿಗೆ ಮೊಳ ಅಳೆಯಲು ತಿರುಗಿದಳು. ಆಲ್ಫೋನ್ಸರು ಬನ್ನಿ ಬನ್ನಿ ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. ಲಿಯೋನೆಲ್ ಹೂವಿನ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಅದನ್ನು ಯಾರ ಮನೆಗೆ ಕೊಂಡುಹೋಗುವುದೆಂದು ಅವನಿಗೆ ತಿಳಿಯಲಿಲ್ಲ.